ತುಳಸಾಬಾಯಿಯವರ ಮೊದಲ ಕಥೆ

ಕನ್ನಡ ಸಂಘದ ಕಾರ್ಯದರ್ಶಿ ವೀರಭದ್ರಪ್ಪನವರು ಮನೆಗೇ ಬಂದು ಕೇಳಿಕೊಂಡಾಗ ಶಾಮಲಾ ಇಲ್ಲವೆನ್ನಲಿಲ್ಲ. ಹೊಸದಾಗಿ ಬರೆಯುವವರಿಗೆ ಒಂದು ದಿನದ ಶಿಬಿರ. ಆಕೆ ಬಂದು ನಾಲ್ಕು ಮಾತು ಹೇಳಬೇಕು. ಆಕೆಯ ಹೆಸರಿನಲ್ಲಿ ಧಾರವಾಡದಲ್ಲಿ ಅಚ್ಚಾದ ಒಂದು ಕಥಾಸಂಕಲನವಿತ್ತು. ತೆಲುಗು ಸೀಮೆಯ ಕಾಚಿಗೂಡದ ಕನ್ನಡ ಮನೆಗಳಲ್ಲಿ ಪುಸ್ತಕ ಮಾಡಿದ ಹೆಂಗಸು ಆಕೆಯೊಬ್ಬಳೇ.

“ಭಾಷಣ ಬ್ಯಾಡ್ರಿ ಟೀಚರಮ್ಮ,” ಅಂದರು ವೀರಭದ್ರಪ್ಪ. ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಫೋರ್‌ಮನ್. “ಹೆಂಗ ಬರೀಬೇಕು, ಹೆಂಗ ಕಳಿಸಬೇಕು, ಅಷ್ಟ ಹೇಳ್ರಿ. ನಮ್ಮ ಮಂದ್ಯಾಗ ಬರಿಯೂ ಆಸೆ ಭಾಳ ಐತಿ, ದಾರಿ ಗೊತ್ತಿಲ್ಲ.”

ಶಿಬಿರಕ್ಕೆ ಶಾಮಲಾಳ ಜೊತೆ ಅತ್ತೆ ತುಳಸಾಬಾಯಿಯೂ ಹೋದರು. ಹೋದದ್ದು ಕೇಳಲಿಕ್ಕಲ್ಲ. ಬಂದವರಿಗೆ ಅವಲಕ್ಕಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದರು. ಪಾತೇಲಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಸಭೆಯ ಹಿಂದುಗಡೆ ಅದರ ಪಕ್ಕದಲ್ಲೇ ಕುಳಿತರು.

ಶಾಮಲಾ ಚೆನ್ನಾಗಿ ಮಾತಾಡಿದಳು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ರೂಢಿಯಾದ ದನಿ.

“ನಿಮಗ ಗೊತ್ತಿದ್ದದ್ದನ್ನ ಬರೀರಿ. ಗೊತ್ತಿಲ್ಲದ ರಾಜಕುಮಾರಿ ಬ್ಯಾಡ, ಗೊತ್ತಿದ್ದ ಓಣಿಯಾಕಿ ಸಾಕು. ದಿನಾ ಒಂದು ಹೊತ್ತು ನಿಗದಿ ಮಾಡ್ಕೊಳ್ರಿ, ಆ ಹೊತ್ತಿನ್ಯಾಗ ಮನಿ ಮುಳುಗಿದ್ರೂ ಏಳಬ್ಯಾಡ್ರಿ. ಬರೆದದ್ದನ್ನ ಯಾರಿಗಾದ್ರೂ ಜೋರಾಗಿ ಓದಿ ಹೇಳ್ರಿ. ನಾಲಿಗಿ ಎಲ್ಲಿ ತೊಡರತದ, ತಪ್ಪು ಅಲ್ಲೇ ಇರ್ತದ. ಪತ್ರಿಕಿಗೆ ಕಳಸೋವಾಗ ಹಾಳಿಯ ಒಂದ ಮಗ್ಗಲಿಗೆ ಬರೀರಿ, ಅಂಚು ಬಿಡ್ರಿ, ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟಿ ಒಳಗಿಡ್ರಿ. ತಿರುಗಿ ಬಂದ್ರ ಅಳಬ್ಯಾಡ್ರಿ. ನನ್ನ ಮೊದಲನೇ ಕಥಿ ತಿರುಗಿ ತಿರುಗಿ ಬಂದು, ನಮ್ಮ ಓಣಿ ಪೋಸ್ಟ್‌ಮನ್ ನನ್ನ ಮಾರಿ ನೋಡೋದನ್ನ ಬಿಟ್ಟಿದ್ದ.”

ಎಲ್ಲರೂ ನಕ್ಕರು. ಹಿಂದೆ ಕೂತ ತುಳಸಾಬಾಯಿ ನಗಲಿಲ್ಲ. ಪಾತೇಲಿಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದರು.

ತಿರುಗಿ ಬರುವಾಗ ಆಟೋದಲ್ಲಿ ಅಂದರು, “ವಯಸ್ಸಿನ ಮಾತು ಏನೂ ಹೇಳಲಿಲ್ಲ ನೀನು.”

“ಯಾವ ವಯಸ್ಸು ಅತ್ಯಾ?”

“ಬರೀಲಿಕ್ಕ ಇಷ್ಟರೊಳಗ ಶುರು ಮಾಡಬೇಕು ಅಂತ ಏನರ ಅದನೇನು?”

“ಹಂಗೇನಿಲ್ಲ.”

“ಹಾಂ,” ಅಂದರು ತುಳಸಾಬಾಯಿ.

ಆ ಮನೆಯ ದಿನ ಒಂದು ಕಟ್ಟಿನಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ನಲ್ಲಿಗೆ ನೀರು ಬರುವ ಮೊದಲೇ ಸುಂದರಾಬಾಯಿ ಏಳುತ್ತಿದ್ದರು. ಅವರು ತುಳಸಾಬಾಯಿಯ ಗಂಡನ ಅಕ್ಕ; ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮಡಿ ಹೆಂಗಸು. ಆ ತಮ್ಮ ಪ್ರಹ್ಲಾದರಾಯರು ತೀರಿಕೊಂಡ ಮೇಲೂ ಇಲ್ಲೇ ಇದ್ದರು. ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಬೆಳಗಿನ ಅಡಿಗೆ ಅಕ್ಕನದು. ದ್ವಾದಶಿಯ ಪಾರಣೆಗೆ, ಆರಾಧನೆಗೆ ರಾಯರ ಮಠದ ಅಡಿಗೆಮನೆಯಲ್ಲೂ ಅವರ ಕೈ ಬೇಕಾಗುತ್ತಿತ್ತು. ಮಿಕ್ಕಿದ್ದೆಲ್ಲ ತುಳಸಾಬಾಯಿಯದು: ಅಕ್ಕಿ ಹಸನು ಮಾಡುವುದು, ಕಾಯಿಪಲ್ಯ, ಸಂಜೆಯ ಚಹಾ, ಸೆಕ್ರೆಟೇರಿಯಟ್‌ನಿಂದ ಮಗ ಪ್ರಾಣೇಶ ಬರುವಷ್ಟರಲ್ಲಿ ಏನಾದರೊಂದು ತಿಂಡಿ, ರಾತ್ರಿ ರೊಟ್ಟಿ. ಇದೆಲ್ಲ ನಡೆಯುತ್ತಿದ್ದುದರಿಂದ ಶಾಮಲಾಗೆ ಶಾಲೆಯೂ ಕಥೆಯೂ ಎರಡೂ ಸಾಧ್ಯವಾಗಿದ್ದವು.

ಶಿಬಿರದ ಮರುದಿನ ಮಧ್ಯಾಹ್ನ, ಊಟದ ನೆಲ ಒರೆಸಿದ ಮೇಲೆ, ತುಳಸಾಬಾಯಿ ಮೊಮ್ಮಗಳು ಶೋಭಾಳ ಹತ್ತಿರ ಹಾಳೆ ಕೇಳಿ ತಗೊಂಡು ಕಿಟಕಿಯ ಹತ್ತಿರ ಕುಳಿತರು. ಮೊಣಕಾಲಿನ ಮೇಲೆ ಹಳೆಯ ಕ್ಯಾಲೆಂಡರಿನ ರಟ್ಟು. ಸಂಜೆ ಪ್ರಾಣೇಶ ಬಂದಾಗಲೂ ಅಲ್ಲೇ ಇದ್ದರು.

“ಅವ್ವಾ, ಚಹಾ?”

“ಈ ಸಾಲು ಮುಗಸತೀನಿ.”

“ಸಾಲು ಮುಗಿಯೂತನಕ ನಾ ಹಿಂಗ ನಿಂದರಲೇನು?”

“ಕೂಡು. ನಿನ್ನ ಹೆಂಡತಿನ ಹೇಳ್ಯಾಳ, ಮನಿ ಮುಳುಗಿದ್ರೂ ಏಳಬ್ಯಾಡ್ರಿ ಅಂತ. ಚಹಾ ಅಷ್ಟ ಆಗಿಲ್ಲ, ಮನಿ ಇನ್ನೂ ಮುಳುಗಿಲ್ಲ.”

ಶೋಭಾ ಒಳಗಿನಿಂದ ನಕ್ಕಳು. ಪ್ರಾಣೇಶ ಹೆಂಡತಿಯ ಕಡೆ ನೋಡಿದ. ಶಾಮಲಾ ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಸ್ಟೋವ್ ಹೊತ್ತಿಸಲು ಎದ್ದಳು.

ಒಂದು ವಾರ ಹೀಗೇ ಆಯಿತು, ಎರಡನೇ ವಾರವೂ. ಅಕ್ಕಿಯಲ್ಲಿ ಹರಳು ಉಳಿಯತೊಡಗಿದವು. ಬದನೆಕಾಯಿ ಬಾಡಿದ ಮೇಲೆ ನೆನಪಾಗುತ್ತಿತ್ತು. ಸಂಜೆಯ ಕೆಲಸವೆಲ್ಲ ಶಾಮಲಾಳ ಮೇಲೆ ಬಂದು, ಆಕೆ ದೀಪಾವಳಿ ಸಂಚಿಕೆಗೆ ಬರೆಯಬೇಕಾಗಿದ್ದ ಕಥೆ ಎರಡು ಪುಟದಲ್ಲಿ ನಿಂತಿತು.

“ನಿಮ್ಮ ಅವ್ವಗ ನೀವು ಹೇಳ್ರಿ,” ಅಂದಳು ಗಂಡನಿಗೆ.

“ನಾ ಏನು ಹೇಳಲಿ? ಸಭಾದಾಗ ಉಪದೇಶ ಮಾಡಿದಾಕಿ ನೀನು.”

“ಅದು ಬರಿಯೋವರಿಗೆ ಹೇಳಿದ್ದು.”

“ಆಕಿ ಬರೀಲಿಕ್ಕತ್ತಾಳಲ್ಲ.”

ತುಳಸಾಬಾಯಿ ಹಾಳೆಯ ಒಂದೇ ಮಗ್ಗಲಿಗೆ ಬರೆಯುತ್ತಿದ್ದರು. ಅದಕ್ಕೆ ಮಾತ್ರ ಅವರ ತಕರಾರಿತ್ತು. “ಹಿಂದಿನ ಮಗ್ಗಲ ಏನು ಪಾಪ ಮಾಡ್ಯದ?” ಎಂದು ಶೋಭಾಳನ್ನು ಕೇಳುತ್ತಿದ್ದರು. ಬರೆದು ಮುಗಿದ ದಿನ ಹಾಳೆಗಳನ್ನು ಜೋಡಿಸಿಕೊಂಡು ಸೊಸೆಯ ಹತ್ತಿರ ಬಂದರು.

“ಶಾಮಲಾ, ಸ್ವಲ್ಪ ಕೇಳತೀಯೇನು? ಜೋರಾಗಿ ಓದ್ರಿ ಅಂದಿದ್ದಿ.”

“ನಾಳೆ ಓದೋಣ ಅತ್ಯಾ. ಪೇಪರ್ ತಿದ್ದೋದು ಉಳದದ.”

ಮರುದಿನ ಶಾಲೆಯಲ್ಲಿ ಸಭೆಯಿತ್ತು. ಅದರ ಮರುದಿನ ಶಾಮಲಾಗೆ ತಲೆನೋವು. ಮೂರನೆಯ ದಿನ ಮಲ್ಲಿಕಾರ್ಜುನ ಬಂದ. ಹಿಮಾಯತ್‌ನಗರದ ಬ್ಯಾಂಕಿನಲ್ಲಿ ಕ್ಲಾರ್ಕ್, ಶಿಬಿರಕ್ಕೆ ಬಂದವನು. ಅವನ ಕೈಯಲ್ಲಿ ಒಂದು ನೀಳ್ಗತೆಯಿತ್ತು. ಶಾಮಲಾ ಅದನ್ನು ಅಲ್ಲೇ ಕುಳಿತು ಓದಿಸಿಕೊಂಡಳು, ಅಲ್ಲಲ್ಲಿ ತಡೆದಳು, ಕಡೆಗೆ, “ಮುಂಬಯಿಯೊಳಗ ನೀವು ಎಂದರ ಇದ್ದೀರೇನು? ಮತ್ಯಾಕ ಆ ಊರು ಆರಿಸ್ಕೊಂಡ್ರಿ?” ಎಂದು ಕೇಳಿ, ದೀಪ ಹಚ್ಚುವ ಹೊತ್ತಿನವರೆಗೆ ಅವನ ಜೊತೆ ಮಾತಾಡಿದಳು. ತುಳಸಾಬಾಯಿ ಎರಡು ಸಲ ಚಹಾ ಮಾಡಿ ತಂದುಕೊಟ್ಟರು. ಎರಡನೇ ಸಲ ಕಪ್ಪು-ಬಸಿ ಇಟ್ಟು, ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಒಳಗೆ ಹೋದರು.

ಮರುದಿನ ಅವರು ಒಬ್ಬರೇ ಬಸ್ಸು ಹತ್ತಿ ಅಬಿಡ್ಸಿನ ದೊಡ್ಡ ಪೋಸ್ಟಾಫೀಸಿಗೆ ಹೋಗಿ, ಶಾಮಲಾಳ ಕಥೆಗಳು ಬರುತ್ತಿದ್ದ ಬೆಂಗಳೂರಿನ ಮಾಸಪತ್ರಿಕೆಗೆ ಕಥೆ ಕಳಿಸಿ ಬಂದರು. ಬರುವಾಗ ಅಕ್ಕನಿಗೆ ಬತ್ತಿ ಹೊಸೆಯಲು ಹತ್ತಿ ತಂದರು. ಎಲ್ಲಿಗೆ ಹೋಗಿದ್ದೆ ಅಂತ ಅಕ್ಕ ಕೇಳಿದಾಗ, “ಹತ್ತಿ ತರಲಿಕ್ಕೆ,” ಅಂದರು.

ಕಥೆ ಬೇಗನೇ ತಿರುಗಿ ಬಂತು. ಲಕೋಟೆ ಒಡೆದವನು ಪ್ರಾಣೇಶ. ಜೊತೆಗಿದ್ದ ಚೀಟಿಯನ್ನು ಓದಿ ಅವನಿಗೆ ನಗು ತಡೆಯಲಾಗಲಿಲ್ಲ.

“ಅವ್ವಾ, ಏನು ಮಾಡೀ? ತೆಲುಗು ಬರಹ ನಾವು ಹಾಕೋದಿಲ್ಲ, ತೆಲುಗು ಪತ್ರಿಕಿಗೆ ಕಳಿಸ್ರಿ ಅಂತ ಬರದಾರ.”

“ತೆಲುಗು ಯಾಕ ಆಗ್ತದ? ಕನ್ನಡನ ಅದ.”

ಶಾಮಲಾ ಬಂದು ಹಾಳೆ ಇಸಿದುಕೊಂಡಳು. ಮಾತು ಕನ್ನಡ, ಅಕ್ಷರ ತೆಲುಗು.

ತುಳಸಾಬಾಯಿ ಹುಟ್ಟಿದ್ದೂ ಬೆಳೆದದ್ದೂ ಇದೇ ಊರಲ್ಲಿ. ನಿಜಾಮರ ಕಾಲದಲ್ಲಿ ಅವರ ಓಣಿಯಲ್ಲಿದ್ದದ್ದು ಒಂದು ತೆಲುಗು ಶಾಲೆ. ಅಲ್ಲಿ ಕಲಿತದ್ದೇ ಓದು. ಹಾಲಿನ ಲೆಕ್ಕ, ತವರಿಗೆ ಕಾಗದ, ಹಾಡು, ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಂಡು ತೆಲುಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಅವರ ಅಕ್ಕತಂಗಿಯರೂ ಹಾಗೇ. ಮನೆಯಲ್ಲಿ ಅದು ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ, ಶಾಮಲಾಗೂ.

“ನಿನ್ನ ಪುಸ್ತಕ ನಾ ಪೂರಾ ಓದೀನಿ,” ಅಂದರು ತುಳಸಾಬಾಯಿ. “ಬೆರಳಿಟ್ಟು ಓದೀನಿ. ಅಕ್ಷರ ಎರಡೂ ಒಂದ ಹೊಟ್ಟಿಯವು ಕಂಡಂಗ ಕಾಣತಾವ. ಬೆಂಗಳೂರಿನವರಿಗೆ ಬೆರಳಿಲ್ಲೇನು?”

“ಅವರಿಗೆ ಅಷ್ಟು ಪುರಸೊತ್ತು ಇರೋದಿಲ್ಲ ಅತ್ಯಾ.”

“ಕನ್ನಡ ಅಕ್ಷರದಾಗ ಬರೀಬೇಕು ಅಂತ ನೀನು ಸಭಾದಾಗ ಹೇಳಲಿಲ್ಲ.”

“ಹೇಳಬೇಕು ಅಂತ ಹೊಳೀಲಿಲ್ಲ.”

ತುಳಸಾಬಾಯಿ ಹಾಳೆಗಳನ್ನು ತಗೊಂಡು ಟ್ರಂಕಿನ ಮೇಲಿಟ್ಟು, ಸಂಜೆಯ ಚಹಾಕ್ಕೆ ನೀರಿಟ್ಟರು. ಅವತ್ತಿನಿಂದ ಮನೆಯ ಕೆಲಸ ಮೊದಲಿನ ಹಾಗೇ ನಡೆಯಿತು. ಅಕ್ಕಿಯಲ್ಲಿ ಹರಳು ಸಿಗಲಿಲ್ಲ. ಪ್ರಾಣೇಶನ ಚಹಾ ವೇಳೆಗೆ ಬಂತು. ಶಾಮಲಾಗೆ ಬರೆಯಲು ಹೊತ್ತು ಸಿಕ್ಕಿತು, ಬರೆಯಲಿಕ್ಕೆ ಮಾತ್ರ ಆಗಲಿಲ್ಲ.

ಹಾಳೆಗಳನ್ನು ಟ್ರಂಕಿನ ಮೇಲಿಂದ ತೆಗೆದವಳು ಶೋಭಾ. ಕಾಲೇಜಿನಲ್ಲಿ ಅವಳ ಎರಡನೇ ಭಾಷೆ ತೆಲುಗು. ಕನ್ನಡ ಬಾಯಲ್ಲಿ ಮಾತ್ರ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತು ಅಜ್ಜಿಯ ಕಥೆಯನ್ನು ಒಂದೇ ಉಸಿರಿಗೆ ಓದಿದಳು. ಓದಿ ಅಡಿಗೆಮನೆಗೆ ಬಂದಳು. ಶಾಮಲಾ ಚಪಾತಿ ಲಟ್ಟಿಸುತ್ತಿದ್ದಳು.

“ಅಮ್ಮಾ, ನೀನು ಇದನ್ನ ಓದೀಯೇನು?”

“ಓದಬೇಕು.”

“ಇಷ್ಟು ದಿನ ಓದೇ ಇಲ್ಲ?” ಶೋಭಾಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ಆ ಬ್ಯಾಂಕಿನವನದು ಕೂತು ಓದಿಸಿಕೊಂಡಿ.”

“ನೀನು ನನ್ನ ಪುಸ್ತಕ ಎಂದರ ಓದೀಯೇನು?”

“ನಂಗ ಅಕ್ಷರ ಬರಂಗಿಲ್ಲ. ನೀನು ಕಲಿಸಲಿಲ್ಲ. ಇದು ಬಂತು, ಓದಿದೆ. ಅಜ್ಜಿ ಹಿಂಗ ಬರೀತಾಳಂತ ನಂಗ ಗೊತ್ತಿರಲಿಲ್ಲ.” ಹಾಳೆಗಳನ್ನು ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟು, “ಎಣ್ಣಿ ಕೈ ಹತ್ಯದ, ಸಾರಿ,” ಅಂದು ಹೋದಳು.

ಅವತ್ತು ಮಧ್ಯಾಹ್ನ ಶಾಮಲಾ ತಾನೇ ಕಾಗದ ಪೆನ್ನು ತಗೊಂಡು ಕಿಟಕಿಯ ಹತ್ತಿರ ಹೋಗಿ ಕುಳಿತಳು. “ಅತ್ಯಾ, ನೀವು ಓದ್ರಿ. ನಾನು ಕನ್ನಡ ಅಕ್ಷರದಾಗ ಇಳಿಸಿಕೋತೀನಿ.”

ತುಳಸಾಬಾಯಿ ತಡಮಾಡಲಿಲ್ಲ. ಕನ್ನಡಕ ಒರೆಸಿಕೊಂಡು ಶುರು ಮಾಡಿದರು.

ಕಥೆ ಇದೇ ಊರಿನ ಶಾಲಿಬಂಡಾದಲ್ಲಿದ್ದ ಹಳೆಯ ಮನೆಯದು. ಆಗ ತುಳಸಾಬಾಯಿ ಹದಿನೆಂಟರ ಸೊಸೆ. ಚೊಚ್ಚಲ ಹೆಣ್ಣುಕೂಸು ಹಾಲು ಕುಡಿಯುವ ವಯಸ್ಸಿನಲ್ಲೇ ತೀರಿಹೋಗಿತ್ತು. ಮನೆ ತುಂಬ ಜನ, ಅತ್ತೆ ಬಲು ಕಟ್ಟುನಿಟ್ಟು, ಕೂಸಿಗಾಗಿ ಅಳಲಿಕ್ಕೂ ಪುರಸೊತ್ತಿರಲಿಲ್ಲ. ಒಂದು ಬೆಳಿಗ್ಗೆ ನೀರು ಸೇದುತ್ತಿದ್ದ ಸೊಸೆ ಹಗ್ಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದಳು. ಅದನ್ನು ನೋಡಿದ ನಾದಿನಿ, ಅಂದರೆ ಈ ಸುಂದರಾಬಾಯಿ, ಒಳಗೆ ಹೋಗಿ ತಾಯಿಗೆ, “ಅವ್ವಾ, ತುಳಸಾ ಹೊರಗ ಕೂತಾಳ,” ಅಂದರು. ಅದು ಸುಳ್ಳು. ಆದರೆ ತಿಂಗಳ ಮುಟ್ಟಿನವಳನ್ನು ಯಾರೂ ಕೆಲಸಕ್ಕೆ ಕರೆಯುವಂತಿಲ್ಲ, ಮುಟ್ಟುವಂತಿಲ್ಲ. ಹಿತ್ತಲ ಕೋಣೆಯಲ್ಲಿ ಮೂರು ದಿನ ತುಳಸಾ ಚಾಪೆಯ ಮೇಲೆ ಬಿದ್ದುಕೊಂಡಳು. ಊಟವನ್ನು ದೂರದಿಂದ ಬಡಿಸಿ ಹೋದವರೂ ಅಕ್ಕನೇ. ಇಡೀ ಮನೆಯ ಅಡಿಗೆ ಹೊತ್ತವರೂ ಅವರೇ. ಆಮೇಲೆ ಮತ್ತೆ ಮತ್ತೆ, ಸೊಸೆಯ ಮುಖ ಕಂದಿದಾಗಲೆಲ್ಲ, ಆ ಮಡಿ ಹೆಂಗಸು ಅದೇ ಸುಳ್ಳು ಹೇಳಿದರು. “ಈಕಿಗೇನು ತಿಂಗಳಿಗೆ ಎರಡು ಸಲ?” ಅಂತ ಅತ್ತೆ ಗೊಣಗಿದರೆ, “ಬಾಣಂತನ ಆದವರಿಗೆ ಹಂಗ ಆಗ್ತದವ್ವಾ,” ಎಂದು ಮುಗಿಸಿದರು. ಇಬ್ಬರೂ ಆ ಮಾತನ್ನು ಇಷ್ಟು ವರ್ಷ ಎತ್ತಿರಲಿಲ್ಲ. ಅಕ್ಕ ಇರುವಾಗಲೇ ಒಂದು ಸಲ ಅದನ್ನು ನೆನೆಯಬೇಕು ಅಂತ ತುಳಸಾಬಾಯಿ ಬರೆದಿದ್ದರು. ಅಷ್ಟೇ ಕಥೆ.

ಶಾಮಲಾ ಬರೆದುಕೊಳ್ಳುತ್ತಾ ಎಲ್ಲೂ ತಡೆಯಲಿಲ್ಲ. ಮರುದಿನ ಪ್ರತಿ ಮಾಡಿ ತಾನೇ ಓದಿ ಹೇಳಿದಳು. ಹಿತ್ತಲ ಕೋಣೆಯ ಭಾಗ ಬಂದಾಗ ತುಳಸಾಬಾಯಿ ಕೈ ಎತ್ತಿದರು.

“ಏನದು? ಮತ್ತೊಮ್ಮೆ ಓದು.”

“‘ಆ ಕ್ಷಣದಲ್ಲಿ ನನ್ನ ಹೃದಯದಲ್ಲಿ ಕೃತಜ್ಞತೆಯ ಸಾಗರವೇ ಉಕ್ಕಿ ಹರಿಯಿತು.’”

“ಸಾಗರ ಎಲ್ಲಿತ್ತು? ನಂಗ ನಿದ್ದಿ ಬಂದಿತ್ತು.”

“ಓದೋವರಿಗೆ ನಿಮ್ಮ ಮನಸ್ಸು ತಿಳೀಬೇಕಲ್ಲ ಅತ್ಯಾ.”

“ಮಕ್ಕೊಂಡೆ ಅಂತ ಬರದೀನಿ. ಕೂಸು ಸತ್ತಾಕಿ ಮೂರು ದಿನ ಮಕ್ಕೊಂಡಳು ಅಂದ್ರ ತಿಳೀದವರಿಗೆ ಸಾಗರ ಅಂದ್ರ ತಿಳೀತದೇನು?”

“ನನಗೂ ಇಷ್ಟು ವರ್ಷ ಬರೆದು ಗೊತ್ತದ, ಅತ್ಯಾ.”

“ಗೊತ್ತದ. ನಿಂದು ನೀ ಬರಿ. ಇದು ನಂದು.”

ಶಾಮಲಾ ಪೆನ್ನು ಕೆಳಗಿಟ್ಟಳು. ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಎದುರಿನ ಲಾಡ್ಜಿನ ಮುಂದೆ ರಾಯಚೂರಿನ ಕಡೆಯವರಿರಬೇಕು, ಟ್ರಂಕು ಇಳಿಸಿಕೊಂಡು ಬಾಡಿಗೆಗೆ ಜಗಳಾಡುತ್ತಿದ್ದರು. ಶಾಮಲಾ ಪೆನ್ನು ಎತ್ತಿಕೊಂಡು ಸಾಗರದ ಸಾಲನ್ನು ಹೊಡೆದುಹಾಕಿದಳು. ಮುಂದೆ ಇನ್ನೂ ಎರಡು ಕಡೆ ಅಂಥದೇ ಸಾಲುಗಳಿದ್ದವು. ಹೇಳಿಸಿಕೊಳ್ಳದೆ ಅವನ್ನೂ ಹೊಡೆದಳು. ಆಮೇಲೆ ತನ್ನ ದೀಪಾವಳಿಯ ಕಥೆಯ ಎರಡು ಪುಟ ತೆಗೆದು ನೋಡಿದಳು. ಅದರಲ್ಲೂ ಹೊಡೆಯುವುದು ಬಹಳವಿತ್ತು.

ಪ್ರಾಣೇಶನಿಗೆ ವಿಷಯ ತಿಳಿದದ್ದು ಊಟಕ್ಕೆ ಕೂತಾಗ, ಶೋಭಾಳ ಬಾಯಿಂದ. ಅಕ್ಕ ದೇವರಮನೆಯಲ್ಲಿ ಜಪಕ್ಕೆ ಕೂತಿದ್ದರು; ಅದಕ್ಕೇ ದನಿ ತಗ್ಗಿಸಿ ಮಾತಾಡಿದ.

“ಇದನ್ನ ಅಚ್ಚು ಹಾಕಸತೀರೇನು? ಮುಟ್ಟಿನ ಮಾತನ್ನ?”

“ಹಾಕಿದ್ರ ಹಾಕಸತೀವಿ,” ಅಂದರು ತುಳಸಾಬಾಯಿ, ಅನ್ನ ಬಡಿಸುತ್ತಾ.

“ಅವ್ವಾ, ನಿನಗ ತಿಳೀವಲ್ದು. ಅಕ್ಕ ಮಠದಾಗ ಅಡಿಗಿ ಮಾಡೋವರು. ಮಡಿ ಹೆಂಗಸು ಇಂಥಾ ವಿಷಯದಾಗ ಹೆತ್ತ ತಾಯಿಗೆ ಸುಳ್ಳು ಹೇಳಿದಳಂದ್ರ ಮಂದಿ ಏನಂತಾರ? ಆಕಿ ಮಡಿ ಎಷ್ಟು ಖರೆ ಅಂತ ಕೇಳೋದಿಲ್ಲೇನು? ನಾಳೆ ನೈವೇದ್ಯದ ಅಡಿಗಿಗೆ ಬರಬ್ಯಾಡ್ರಿ ಅಂದ್ರ? ಆಕಿಗೆ ಇರೋದ ಅದೊಂದು.”

ತುಳಸಾಬಾಯಿ ಸೌಟು ಹಿಡಿದುಕೊಂಡು ನಿಂತರು. ಈ ಮಾತು ಅವರಿಗೆ ಹೊಳೆದಿರಲಿಲ್ಲ.

“ಊರು, ಹೆಸರು ಬದಲಿ ಮಾಡಬಹುದು,” ಅಂದಳು ಶಾಮಲಾ.

“ಕಾಚಿಗೂಡದಾಗ ತುಳಸಾಬಾಯಿ ಅನ್ನೋರು ಬರೆದ್ರ, ನಾದಿನಿ ಯಾರಂತ ಕೇಳಲಿಕ್ಕೆ ಮಂದಿಗೆ ಹೆಸರು ಬೇಕೇನು? ನೀನ ಹೇಳು, ನೀನು ಇದಕ್ಕ ಹೂಂ ಅನ್ನತೀಯೇನು?”

ಶಾಮಲಾ ಸಾರಿನ ಪಾತ್ರೆ ಕೆಳಗಿಟ್ಟಳು. ಗೊತ್ತಿದ್ದದ್ದನ್ನ ಬರೀರಿ ಅಂತ ಸಭೆಯಲ್ಲಿ ಹೇಳಿದವಳು. ಗೊತ್ತಿದ್ದವರು ಪಕ್ಕದ ಕೋಣೆಯಲ್ಲೇ ಕೂತಿದ್ದರೆ ಏನು ಮಾಡಬೇಕೆಂದು ಅವಳು ಹೇಳಿರಲಿಲ್ಲ. ಅವಳ ಕಥೆಗಳಲ್ಲಿ ಇದ್ದವರು ದೂರದ ಧಾರವಾಡದಲ್ಲಿದ್ದರು, ಇಲ್ಲವೇ ತೀರಿಕೊಂಡಿದ್ದರು.

“ಅಕ್ಕಗ ಓದಿ ಹೇಳೋಣ,” ಅಂದಳು ಕಡೆಗೆ. “ಅವರು ಬ್ಯಾಡ ಅಂದ್ರ ಕಳಸೋದಿಲ್ಲ.”

“ಓದಿದ ಮ್ಯಾಲ ಆಕಿ ನನ್ನ ಕೂಡ ಮಾತು ಬಿಟ್ಟರ?” ಅಂದರು ತುಳಸಾಬಾಯಿ.

ಅವತ್ತು ಅವರು ಊಟ ಸರಿಯಾಗಿ ಮಾಡಲಿಲ್ಲ. ಆ ವಾರವೆಲ್ಲ ಕಥೆ ಟ್ರಂಕಿನ ಮೇಲೇ ಇತ್ತು. ಅಕ್ಕ ಎದುರು ಬಂದರೆ ತುಳಸಾಬಾಯಿ ಏನಾದರೂ ಕೆಲಸ ನೆನಪಿಸಿಕೊಂಡು ಹೋಗಿಬಿಡುತ್ತಿದ್ದರು. ಕಡೆಗೆ ಕೇಳಿದವರು ಅಕ್ಕನೇ.

“ತುಳಸಾ, ನೀನು ಬರೆದದ್ದನ್ನ ಶೋಭಾ ಓದಿದಳು, ಶಾಮಲಾ ಓದಿದಳು. ಪ್ರಾಣೇಶ ಓದದನ ಜಗಳ ಮಾಡಿದ. ನನ್ನ ಒಬ್ಬಾಕಿನ್ನ ಯಾಕ ಬಿಟ್ಟೀ? ನನಗ ಕಿವಿ ಇನ್ನೂ ಕೇಳಸತಾವ.”

ತುಳಸಾಬಾಯಿ ಹಾಳೆ ತಂದರು. ಅಕ್ಕ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದರು. ಶಾಮಲಾ ಬಾಗಿಲಲ್ಲಿ ನಿಂತಳು. ತುಳಸಾಬಾಯಿ ತಮ್ಮ ತೆಲುಗು ಅಕ್ಷರದ ಹಾಳೆಯಿಂದಲೇ ಓದಿದರು. ಬಾವಿಕಟ್ಟೆಯ ಭಾಗಕ್ಕೆ ಬಂದಾಗ ಅಕ್ಕನ ಕೈ ನಿಂತಿತು. ಓದು ಮುಗಿಯುವತನಕ ಮತ್ತೆ ಬತ್ತಿ ಹೊಸೆಯಲಿಲ್ಲ.

“ಆತೇನು?” ಅಂದರು ಅಕ್ಕ.

“ಆತು.”

“ನಿನ್ನ ಮ್ಯಾಲ ಕರುಣಾ ಬಂದು ಹೇಳಿದೆ ಅಂತ ಬರದೀ.”

“ಹೌದಲ್ಲೇನು?”

“ಕರು‍ಣಾನೂ ಇತ್ತು. ಇಲ್ಲ ಅನ್ನೋದಿಲ್ಲ.” ಅಕ್ಕ ಹತ್ತಿಯನ್ನು ಬುಟ್ಟಿಗೆ ಹಾಕಿದರು. “ಆದರ ಪೂರಾ ಅದ ಅಲ್ಲ. ನೀನು ಮದಿವ್ಯಾಗಿ ಬಂದ ಮ್ಯಾಲ ಅವ್ವ ಎಲ್ಲಾ ನಿನ್ನ ಕಡಿಂದನ ಮಾಡಸತಿದ್ದಳು. ಸೊಸಿ ಬಂದಳು, ಇನ್ನ ಸುಂದರಾ ಯಾಕ ಅಂತ. ನಾನು ಮೂಲ್ಯಾಗ ಕೂತು ಬತ್ತಿ ಹೊಸೀತಿದ್ದೆ, ಹಿಂಗ. ನೀ ಹೊರಗ ಕೂತಿ ಅಂದ್ರ ಅಡಿಗಿಮನಿ ನಂದು. ನೈವೇದ್ಯದ ಅಡಿಗಿ ರುಚಿ ನೋಡೋ ಹಂಗಿಲ್ಲಲ್ಲ. ಅವ್ವ ಬಂದು, ‘ಸುಂದರಾ, ಉಪ್ಪು ಎಷ್ಟು ಹಾಕಲಿ’ ಅಂತ ಕೇಳತಿದ್ದಳು. ಆ ಮೂರು ದಿನ ಮನಿಯೊಳಗ ಎಲ್ಲಾರೂ ನನ್ನ ಹೆಸರು ಹಿಡಿದು ಕರೀತಿದ್ರು. ನೀನು ಸೊರಗಿದಾಗ ಅಷ್ಟ ಹೇಳಲಿಲ್ಲ ನಾನು. ನನಗ ಬೇಕಾದಾಗನೂ ಹೇಳೀನಿ.”

ತುಳಸಾಬಾಯಿ ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದರು.

“ನೀನು ಒಂದು ಸಲನೂ ಬಾಯಿ ಬಿಟ್ಟು, ಇಲ್ಲ, ನಾ ಕೂತಿಲ್ಲ ಅನ್ನಲಿಲ್ಲ,” ಅಂದರು ಅಕ್ಕ. “ಅಂದಿದ್ದರ ನನ್ನ ಮಾನ ಹೋಗತಿತ್ತು. ಆ ಉಪಕಾರ ನೀನು ಬರದಿಲ್ಲ.”

“ಅದು ಉಪಕಾರ ಹೆಂಗ ಅಕ್ಕಾ? ನನಗ ಮಕ್ಕೋಬೇಕಿತ್ತು.”

“ನನಗ ಅಡಿಗಿ ಮಾಡಬೇಕಿತ್ತು.”

ಇಬ್ಬರೂ ನಕ್ಕರು. ತುಳಸಾಬಾಯಿ ಸೆರಗಿನಿಂದ ಕನ್ನಡಕ ಒರೆಸಿದರು, ಆಮೇಲೆ ಕಣ್ಣು.

“ಅಕ್ಕಾ, ಇದು ಅಚ್ಚಾದ್ರ ಮಠದಾಗ ಮಂದಿ ಮಾತಾಡತಾರಂತ ಇವರು ಹೆದರ್ಯಾರ,” ಅಂದಳು ಶಾಮಲಾ. “ನಿಮ್ಮ ಹೆಸರು ಬದಲಿ ಮಾಡಲೇನು?”

“ಯಾಕ? ಆಕಿ ತನ್ನ ಹೆಸರು ಹಾಕ್ಕೋಬೇಕು, ನಂದು ಅಳಸಬೇಕೇನು?” ಅಕ್ಕ ಮತ್ತೆ ಹತ್ತಿ ಕೈಗೆತ್ತಿಕೊಂಡರು. “ಮಠದ್ದು ನಾನು ನೋಡ್ಕೋತೀನಿ. ನೀವು ಮೊದಲು ಕಥಿ ಸರಿ ಮಾಡ್ರಿ. ಅರ್ಧಾನ ಬರದೀರಿ.”

ಕಥೆ ಮತ್ತೊಮ್ಮೆ ಮೊದಲಿನಿಂದ ಬರೆಯಲಾಯಿತು. ಈ ಸಲ ಮಧ್ಯಾಹ್ನದ ಅಕ್ಕಿಯನ್ನು ಶೋಭಾ ಹಸನು ಮಾಡಿದಳು, ಬಿಡದೆ ಗೊಣಗುತ್ತಾ. ಪ್ರಾಣೇಶ ಆಫೀಸಿನಿಂದ ಬರುವಾಗ ಕೆಲವು ದಿನ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. “ಕಥಿಗೆ ನನ್ನ ಒಪ್ಪಿಗಿ ಇಲ್ಲ,” ಎಂದು ಪೊಟ್ಟಣ ಬಿಚ್ಚುತ್ತಾ ಪ್ರತಿಸಲವೂ ಹೇಳುತ್ತಿದ್ದ. ತುಳಸಾಬಾಯಿ ಓದಿದರು, ಶಾಮಲಾ ಬರೆದಳು, ಅಕ್ಕ ಒಳಗಿನಿಂದಲೇ, “ಬಾವಿಗೆ ಗಡಗಡಿ-ರಾಟಿ ಇರಲಿಲ್ಲ, ತಗದು ಹಾಕು,” ಎಂದು ಕೂಗಿ ತಿದ್ದಿದರು. ಒಂದು ಪ್ರತಿ ಮನೆಯಲ್ಲಿಟ್ಟುಕೊಂಡು, ಸ್ಟಾಂಪ್ ಹಚ್ಚಿದ ಲಕೋಟೆ ಒಳಗಿಟ್ಟು, ಅತ್ತೆ ಸೊಸೆ ಇಬ್ಬರೂ ಅಬಿಡ್ಸಿಗೆ ಹೋಗಿ ಅದೇ ಪತ್ರಿಕೆಗೆ ಕಳಿಸಿ ಬಂದರು. ತುಳಸಾಬಾಯಿ ಕೌಂಟರಿನವನಿಗೆ, “ಇದು ಕನ್ನಡದ್ದಪ್ಪಾ,” ಎಂದು ತೆಲುಗಿನಲ್ಲಿ ಹೇಳಿದರು.

ಸಂಕ್ರಾಂತಿ ಮುಗಿದ ಮೇಲೆ ಕಾರ್ಡು ಬಂತು, ಎರಡೇ ಸಾಲು: ಕಥೆ ಸ್ವೀಕೃತವಾಗಿದೆ, ಒಂದು ಪದವನ್ನೂ ಬದಲಿಸುವ ಅಗತ್ಯ ಕಾಣಲಿಲ್ಲ. ಶಾಮಲಾ ಆ ಕಾರ್ಡನ್ನು ಎರಡು ಸಲ ಓದಿದಳು. ಅವಳ ಇಷ್ಟು ಕಥೆಗಳಲ್ಲಿ ಯಾವುದಕ್ಕೂ ಅಂಥ ಸಾಲು ಬಂದಿರಲಿಲ್ಲ. ಓದಿ ಅತ್ತೆಯ ಕಾಲು ಮುಟ್ಟಿದಳು. ತುಳಸಾಬಾಯಿ ಗಾಬರಿಯಾಗಿ, “ಇವತ್ತೇನು ಹಬ್ಬ ಅದನೇನು?” ಅಂದರು.

ಸಂಚಿಕೆ ಬಂದು ಕಾಚಿಗೂಡದ ಕನ್ನಡ ಮನೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಆ ಪಕ್ಷದ ದ್ವಾದಶಿಗೆ ಅಕ್ಕ ಎಂದಿನಂತೆ ನಸುಕಿನಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಮಠಕ್ಕೆ ಹೊರಟರು. ಅವತ್ತು ತುಳಸಾಬಾಯಿಯೂ ಶಾಮಲಾಳೂ ಜೊತೆಗೆ ಹೋದರು.

ಮಠದ ಅಡಿಗೆಮನೆಯ ಬಾಗಿಲಲ್ಲಿ ಕೃಷ್ಣಾಬಾಯಿ ನಿಂತಿದ್ದರು. ಅಲ್ಲಿಯ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು, ಮಡಿಯಲ್ಲಿ ಯಾರಿಗೂ ಸಡಿಲ ಬಿಡದವರು. ಅವರ ಹಿಂದೆ ಒಲೆಯ ಮೇಲೆ ಆಗಲೇ ಎಸರಿಟ್ಟಿತ್ತು.

“ಸುಂದರಾಬಾಯಿ, ಇವತ್ತ ನೀವು ಒಳಗ ಬರೋದು ಬ್ಯಾಡ್ರಿ,” ಅಂದರು ಕೃಷ್ಣಾಬಾಯಿ.

ತುಳಸಾಬಾಯಿ ಸೊಸೆಯ ಕೈ ಹಿಡಿದುಕೊಂಡರು. ಅಕ್ಕ ಹೊಸ್ತಿಲ ಹೊರಗೇ ನಿಂತರು.

ಕೃಷ್ಣಾಬಾಯಿ ಒಳಗೆ ಹೋಗಿ ಒಂದು ಮಣೆ ತಂದು, ಹೊಸ್ತಿಲ ಹತ್ತಿರ, ಗಾಳಿ ಬರುವ ಕಡೆ ಇಟ್ಟರು. “ಇಲ್ಲಿ ಕೂಡ್ರಿ. ನಮ್ಮ ಮೊಮ್ಮಗಳು ಓದಿ ಹೇಳಿದಳು, ಪೂರಾ ಕೇಳಿದೆ. ತುಳಸಾಬಾಯಿನ್ನ ನೀವು ಕೆಲಸ ಬಿಡಿಸಿ ಕೂಡಿಸೀರಿ. ನಿಮಗ ಯಾರೂ ಕೂಡ್ರಿ ಅಂದಿಲ್ಲ. ಇವತ್ತಿನ ಅಡಿಗಿ ನಾವು ಮಾಡತೀವಿ.”

“ನನಗ ಅಡಿಗಿ ಮಾಡಲಿಕ್ಕ ಬೇಕು, ಅದನ್ನೂ ಓದಿ ಹೇಳಲಿಲ್ಲೇನು ನಿಮ್ಮ ಮೊಮ್ಮಗಳು?”

“ಹೇಳಿದಳು. ಮುಂದಿನ ದ್ವಾದಶಿಗೆ ಮಾಡ್ರಿ.”

ಅಕ್ಕ ಮಣೆಯನ್ನು ನೋಡಿದರು, ತುಳಸಾಬಾಯಿಯನ್ನು ನೋಡಿದರು. ಆಮೇಲೆ ನೆಲಕ್ಕೆ ಕೈ ಊರಿ, ನಿಧಾನವಾಗಿ ಕುಳಿತು, ಕಾಲು ಚಾಚಿದರು. ಒಳಗೆ ಕೃಷ್ಣಾಬಾಯಿ ಎಸರಿಗೆ ಬೇಳೆ ಸುರಿದರು.